ಅಕ್ಕನಿಗೆ ಒಂದು ಮುಖ ಬೇಕಿತ್ತು

ಅಕ್ಕ ಬೋರ್ಡಿನ ಮೇಲೆ ಬರೆಯುವಾಗ ಬೋರ್ಡು ನೋಡುತ್ತಿರಲಿಲ್ಲ. ಕೈ ಬರೆಯುತ್ತಿತ್ತು, ಕಣ್ಣು ಮಕ್ಕಳ ಮೇಲಿರುತ್ತಿತ್ತು. ಹಾಗಾಗಿ ಅವಳ ಲೆಕ್ಕಗಳೆಲ್ಲ ಎಡಕ್ಕೆ ಕೆಳಗೆ ಶುರುವಾಗಿ ಬಲಕ್ಕೆ ಏರಿ ಹೋಗುತ್ತಿದ್ದವು. “ಶಾಂತಾ ಮೇಡಂ ಲೆಕ್ಕ ಸಂಡೂರು ಗುಡ್ಡ ಹತ್ತಾಕ ಹತ್ತೈತಿ” ಎಂದು ಮಕ್ಕಳು ನಗುತ್ತಿದ್ದರಂತೆ. ಮನೆಗೆ ಬಂದು ಅದನ್ನು ಹೇಳಿ ಅವಳೂ ನಗುತ್ತಿದ್ದಳು.

ಚಿತ್ತವಾಡ್ಗಿಯ ಮನೆಯಲ್ಲಿ ನಾವಿಬ್ಬರೇ. ಅವಳು ದಿನಾ ಬಸ್ಸಿನಲ್ಲಿ ಸಂಡೂರಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ.

“ತಿಳೀತ್ರೀ ಅಂತ ಎಲ್ಲಾವೂ ಒದರ್ತಾವು ಗಂಗೂ. ಮಕ ನೋಡಿದ್ರ ಯಾವುದಕ್ಕ ತಿಳಿದಿಲ್ಲ ಅಂತ ಗೊತ್ತಾಗತೈತಿ” ಎನ್ನುವಳು.

ಕೊರೊನಾ ಬಂದು ಶಾಲೆ ಮುಚ್ಚಿತು. ಒಂದು ಸಂಜೆ ಹೆಡ್‌ಮಾಸ್ಟರು ಫೋನು ಮಾಡಿ, “ನಾಳಿಂದ ಮೊಬೈಲ್‌ನಾಗ ಕ್ಲಾಸ್ ತಗೋಬೇಕ್ರಿ ಮೇಡಂ” ಎಂದರು. ಅಕ್ಕ ಅಂದು ಊಟ ಮಾಡಲಿಲ್ಲ.

ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಅಕ್ಕಿ ಡಬ್ಬಿಗೆ ಮೊಬೈಲು ಆನಿಸಿ, ಗೋಡೆಗೆ ಸಣ್ಣ ಬೋರ್ಡು ನಿಲ್ಲಿಸಿ ಶುರು ಮಾಡಿದಳು. ನೆಟ್ ಉಳಿಸಲು ಮಕ್ಕಳೆಲ್ಲ ಕ್ಯಾಮೆರಾ ಬಂದ್ ಮಾಡಿದ್ದರು. ಪರದೆಯ ತುಂಬ ಕಪ್ಪು ಚೌಕಗಳು, ಅವುಗಳಲ್ಲಿ ಬರೀ ಹೆಸರು. “ತಿಳೀತಾ?” ಎಂದಳು. ಸದ್ದಿಲ್ಲ. ಅದೇ ಲೆಕ್ಕವನ್ನು ಮತ್ತೆ ಹೇಳಿದಳು, ಮತ್ತೆ ಕೇಳಿದಳು. ಸೀಮೆಸುಣ್ಣ ಬೆರಳಲ್ಲೇ ಮುರಿಯಿತು. ಮುಗಿಯುವಷ್ಟರಲ್ಲಿ ಅವಳ ರವಿಕೆಯ ಬೆನ್ನು ಒದ್ದೆಯಾಗಿತ್ತು.

“ಕಣ್ಣು ಹೋದಂಗ ಆಗೈತಿ ನೋಡು. ನನ್ನ ಕೈಲೆ ಆಗವಲ್ದು. ನೌಕರಿ ಬಿಟ್ಟುಬಿಡ್ತೀನಿ” ಎಂದಳು.

ತಮಾಷೆಗೆ ಆಡಿದ ಮಾತಲ್ಲ ಅದು. ಆ ವಾರವೆಲ್ಲ ಮೊಬೈಲು ಸದ್ದು ಮಾಡಿದರೆ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು.

ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು.

“ಗಂಗೂ, ಬಾ ಇಲ್ಲೆ. ಡಬ್ಬಿ ಹಿಂದ ಕುಂದ್ರು. ನಿನ್ನ ಮಕ ನೋಡಿ ಪಾಠ ಮಾಡ್ತೀನಿ.”

“ನನಗೇನು ತಿಳೀತೈತಿ ಅಕ್ಕಾ?”

“ತಿಳೀಲಿಲ್ಲ ಅಂದ್ರ ಹುಬ್ಬು ಗಂಟು ಹಾಕು. ಅಷ್ಟ ಸಾಕು.”

ರವಿಕೆಗೆ ಹುಕ್ಕು ಹಚ್ಚುತ್ತ ಕೂತೆ. ಅವಳ ದನಿ ಇನ್ನೂ ನಡುಗುತ್ತಿತ್ತು. ಅದನ್ನು ಕೇಳಿಸಿಕೊಳ್ಳಲಾರದೆ, ಏನೂ ತಿಳಿಯದಿದ್ದರೂ ತಿಳಿಯಿತೆಂದು ತಲೆ ಅಲ್ಲಾಡಿಸಿಬಿಟ್ಟೆ.

ಅಕ್ಕ ಗಕ್ಕನೆ ನಿಂತಳು. “ಏ, ಸುಳ್ಳ ಸುಳ್ಳ ತಲಿ ಅಲ್ಲಾಡಿಸಬ್ಯಾಡ! ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನು!”

ಮೊಬೈಲಿನಿಂದ ಒಂದು ಸಣ್ಣ ದನಿ ಬಂತು. ಯಶವಂತನಗರದ ಹುಡುಗಿ ರೇಣುಕಾ.

“ಮೇಡಂ... ಕ್ಯಾಮೆರಾ ಬಂದ್ ಇದ್ರೂ ನಿಮಗ ಕಾಣ್ತೈತೇನ್ರಿ?”

ಅಕ್ಕ ನನ್ನ ಕಡೆ ನೋಡಿದಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

“ಕಾಣ್ತೈತವ್ವಾ. ಎಲ್ಲಾ ಕಾಣ್ತೈತಿ.”

“ನನಗೂ ತಿಳಿದಿಲ್ರೀ ಮೇಡಂ” ಎಂದಿತು ಇನ್ನೊಂದು ದನಿ. ಹಿಂದೆಯೇ ಮತ್ತೊಂದು. ಅಕ್ಕ ಬೋರ್ಡು ಒರೆಸಿದಳು. ಈ ಸಲ ಲೆಕ್ಕ ಗುಡ್ಡ ಹತ್ತಿತು.

ಶಾಲೆ ತೆರೆಯುವವರೆಗೂ ನಾನು ಡಬ್ಬಿಯ ಹಿಂದೆ ಕೂತೆ. ಅವಳ ಅಂಜಿಕೆ ಪೂರ್ತಿ ಹೋಗಲಿಲ್ಲ. ಮೊಬೈಲು ಒತ್ತುವ ಮುಂಚೆ ದಿನಾ ಕೇಳುತ್ತಿದ್ದಳು, “ಕುಂತೀಯಿಲ್ಲ?”

ಹೋದ ವರ್ಷ ಹೊಸಪೇಟೆಯ ಆಸ್ಪತ್ರೆಯಲ್ಲಿ, ಕಣ್ಣು ಮುಚ್ಚಿಕೊಂಡೇ ಅದನ್ನೇ ಕೇಳಿದಳು. “ಕುಂತೀನಿ ಅಕ್ಕಾ” ಎಂದೆ. ಆಮೇಲೆ ಅವಳು ಮಾತಾಡಲಿಲ್ಲ.

ಅಕ್ಕ ಹೋದ ಮೇಲೆ ನನ್ನನ್ನು ಮಾತಾಡಿಸಲು ಬಂದ ರೇಣುಕಾ, ಆಗ ರೆಕಾರ್ಡ್ ಮಾಡಿಟ್ಟಿದ್ದ ಒಂದು ಪಾಠವನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಳು. “ಮೇಡಂ ಕ್ಯಾಮೆರಾ ನೋಡ್ತಾನ ಇರ್ಲಿಲ್ರಿ. ಯಾವಾಗ್ಲೂ ಸ್ವಲ್ಪ ಮ್ಯಾಲ ಏನೋ ನೋಡ್ತಿದ್ರು” ಎಂದಳು.

ಮೊಬೈಲನ್ನು ಅಕ್ಕಿ ಡಬ್ಬಿಗೇ ಆನಿಸಿ ಅದನ್ನು ನೋಡುತ್ತೇನೆ. ಎಷ್ಟೋ ಸಲ ನೋಡಿ ಆ ಲೆಕ್ಕ ಈಗ ನನಗೆ ನಿಜವಾಗಿಯೂ ತಿಳಿದಿದೆ. “ತಿಳೀತಾ?” ಎಂದು ಅಕ್ಕ ಕಾಯುತ್ತಾಳೆ. ನಾನು ತಲೆ ಅಲ್ಲಾಡಿಸುತ್ತೇನೆ. ಅವಳು ಅಂದಿನ ನನ್ನ ಹುಬ್ಬನ್ನೇ ನೋಡುತ್ತ, “ಇರ್ಲಿ ಬಿಡು, ಮತ್ತ ಮೊದ್ಲಿಂದ ಹೇಳ್ತೀನಿ” ಎನ್ನುತ್ತಾಳೆ.