ಎದುರುಮನೆ ಅಜ್ಜಿಯನ್ನು ಮಾತ್ರ ಕೇಳಿದರು

ಎಂಬತ್ತು ದಾಟಿದ, ಒಪ್ಪೊತ್ತು ಉಣ್ಣುವ, ಎರಡೇ ಸೀರೆಯ ಒಬ್ಬ ಮುದುಕಿಯ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟೆ ಎಂದರೆ ನಂಬುವವರು ಕಡಿಮೆ. ಪಟ್ಟೆ ಸ್ವಾಮಿ. ಉಂಡ ಅನ್ನ ಅರಗದಷ್ಟು ಪಟ್ಟೆ. ಈಗಲೂ ಪಡುತ್ತಿದ್ದೇನೆ, ಮುಚ್ಚಿಡುವುದೇನಿದೆ?

ಕಾಶಿಯಲ್ಲಿ ನಮ್ಮ ಮನೆ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿದೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಹಸು ಬಂದರೆ ನಾವು ಯಾರದಾದರೂ ಹೊಸ್ತಿಲು ಹತ್ತಿ ನಿಲ್ಲಬೇಕು. ಯಜಮಾನರು ಘಾಟಿನಲ್ಲಿ ನಮ್ಮ ಕಡೆಯಿಂದ ಬಂದವರಿಗೆ ಪಿತೃಕಾರ್ಯ ಮಾಡಿಸುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬೆಳಗ್ಗೆ ಯಾತ್ರಿಕರಿಗೆ ಇಡ್ಲಿ, ಉಪ್ಪಿಟ್ಟು ಹಾಕುತ್ತೇನೆ. ತುಮಕೂರಿನ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ, ವರ್ಷಗಟ್ಟಲೆ ಮೂಗಿಯ ಹಾಗೆ ಇದ್ದೆ. ಒಲೆ ಹಚ್ಚಿ ಆ ಕೋಣೆಯ ಬಾಗಿಲು ತೆಗೆದ ಮೇಲೆ ತರಕಾರಿಯವನ ಜೊತೆ ಜಗಳವಾಡಿ, ಹಾಲಿನವನ ಜೊತೆ ಚೌಕಾಸಿ ಮಾಡಿ ಹಿಂದಿ ಕಲಿತೆ. ಈ ಊರಿನಲ್ಲಿ ನಾನೂ ಒಬ್ಬಳು ಮನುಷ್ಯಳು ಅಂತ ಆದದ್ದು ಅಲ್ಲೇ.

ಎದುರು ಸಾಲಿನಲ್ಲಿ ಒಂದು ಮಠಕ್ಕೆ ಸೇರಿದ ಹಳೆಯ ಕಟ್ಟಡವಿದೆ. ಅದರ ಕೆಳಗಿನ ಕೋಣೆಯಲ್ಲಿ ಧಾರವಾಡದ ಕಡೆಯ ಹಳ್ಳಿಯ ಈ ಅಜ್ಜಿ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡುತ್ತೇನೆಂದು ಸಂಕಲ್ಪ ಮಾಡಿ ಬಂದವಳು. ಹಾಗೆ ಸಂಕಲ್ಪ ಮಾಡಿದವರು ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸ್ಸಿ, ಈ ಎರಡು ಹೊಳೆ ದಾಟಿ ಆಚೆ ಕಾಲಿಡುವುದಿಲ್ಲ. ದಾಟಿದಾಗ ಜೀವ ಹೋದರೆ ಮುಕ್ತಿಯಿಲ್ಲ ಎಂಬ ನಂಬಿಕೆ. ಅವಳಿಗೆ ಹಿಂದಿ ಬಾರದು. ಮನೆ ಅವಳದಲ್ಲ, ಬಾಡಿಗೆಯ ಚೀಟಿಯೂ ಇಲ್ಲ, ಓಟು ಊರಿನಲ್ಲಿದೆ.

ಒಂದೇ ವರ್ಷದಲ್ಲಿ ನಮ್ಮ ಗಲ್ಲಿಗೆ ಎರಡು ಕೆಲಸ ಬಂದವು. ಒಂದು, ಯಾತ್ರಿಕರಿಗೆ ದಾರಿ ಅಗಲ ಮಾಡುವುದು. ಅದು ಸರ್ಕಾರದ್ದೇ ದುಡ್ಡು, ನಮ್ಮ ಸಾಲಿಗೆ ಬಂತು. ಇನ್ನೊಂದು, ಹೊಸ ಒಳಚರಂಡಿ. ಅದು ಯಾವುದೋ ಹೊರದೇಶದ ಬ್ಯಾಂಕಿನ ಸಾಲದ ದುಡ್ಡು, ಅಜ್ಜಿಯ ಕಡೆಯ ಮನೆಗಳ ಸಾಲಿಗೆ ಹೋಯಿತು.

ನಮ್ಮ ಸಾಲಿಗೆ ಬಂದದ್ದು ಒಬ್ಬ ಆಳು ಮತ್ತು ಕೆಂಪು ಬಣ್ಣದ ಡಬ್ಬಿ. ನಾನು ಚಟ್ನಿ ರುಬ್ಬುತ್ತಿದ್ದೆ, ಹೊರಗೆ ಬಂದು ನೋಡುವಷ್ಟರಲ್ಲಿ ಕೋಣೆಯ ಹಿಂದಿನ ಗೋಡೆಯವರೆಗೆ ಗೀಟು ಹಾಕಿಯಾಗಿತ್ತು. ಅಂದರೆ ಕೋಣೆ ಪೂರ್ತಿ ಹೋಗುತ್ತದೆ. ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದ. ಯಜಮಾನರು ಓದಿ, ಸರ್ಕಾರ ಅಂದಮೇಲೆ ಮುಗೀತು ಎಂದು ಪಂಚೆ ಕೊಡವಿಕೊಂಡು ಸ್ನಾನಕ್ಕೆ ಹೋದರು. ನಾನು ಬಿಡುವ ಪೈಕಿ ಅಲ್ಲ. ಗೋದೌಲಿಯಾದವರೆಗೆ ನಡೆದು, ಅಲ್ಲಿಂದ ರಿಕ್ಷಾ ಹಿಡಿದು, ಮಾವನವರ ಕಾಲದ ಕಾಗದಪತ್ರವನ್ನೆಲ್ಲ ಹೊತ್ತುಕೊಂಡು ಕಚೇರಿಗೆ ಹೋದೆ. ಇಂಜಿನಿಯರ್ ಸಾಹೇಬರು ತಲೆ ಎತ್ತಲಿಲ್ಲ. ಎಷ್ಟು ಒಳಗೆ ಬರುತ್ತದೆ, ಯಾಕೆ ನಮ್ಮದೇ ಸಾಲು, ಅರ್ಧ ಕೋಣೆಯಾದರೂ ಉಳಿಯುತ್ತದೆಯೇ ಎಂದು ಕೇಳಿದೆ. ನೋಟಿಸ್ ಅಂಟಿಸಿದ್ದೇವಲ್ಲ, ಪರಿಹಾರ ಬರುತ್ತದೆ, ಹೋಗಿ ಎಂದರು. ಮತ್ತೆ ಹೋದೆ. ಮತ್ತೆ ಅದೇ. ಮೂರನೆಯ ಸಲ ಜವಾನನೇ ಬಾಗಿಲಲ್ಲಿ ತಡೆದ.

ಎದುರು ಸಾಲಿಗೆ ಬಂದದ್ದೇ ಬೇರೆ. ಕುತ್ತಿಗೆಗೆ ಒಳಚರಂಡಿ ಯೋಜನೆಯ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗಿ ಬಂದು ಅಜ್ಜಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಕೆಲಸ ನಡೆಯುವಾಗ ನಿಮ್ಮ ಗೋಡೆ ಕುಸಿಯಬಹುದು, ಮೂರು ತಿಂಗಳು ಬೇರೆ ಕಡೆ ಇರಬೇಕಾಗುತ್ತದೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದಳು. ಅಭಿಪ್ರಾಯ! ಅಜ್ಜಿ ಪಿಳಿಪಿಳಿ ಕಣ್ಣು ಬಿಟ್ಟಳು. ಹುಡುಗಿ ಸುತ್ತ ನೋಡಿ, ಇವರ ಭಾಷೆ ಬಲ್ಲವರು ಯಾರಾದರೂ ಇದ್ದಾರೆಯೇ ಎಂದಳು. ಜನ ನನ್ನತ್ತ ಬೆರಳು ತೋರಿಸಿದರು.

ಹೀಗೆ ನಾನು ಅಜ್ಜಿಯ ಬಾಯಿಯಾದೆ. ನನಗೆ ಬಾಯಿಲ್ಲದಾಗ ಅವಳಿಗೆ ಬಾಯಿ.

ಆ ಹುಡುಗಿಗೆ ಇಡ್ಲಿ ಕೊಟ್ಟು ಮೆಲ್ಲಗೆ ಕೇಳಿದೆ: ಈ ಮುದುಕಿಗೆ ಇಷ್ಟೊಂದು ಉಪಚಾರ ಯಾಕಮ್ಮ? ಪಾಪ, ಒಳ್ಳೆಯ ಹುಡುಗಿ, ಬಿಡಿಸಿ ಹೇಳಿದಳು. ಸಾಲ ಕೊಡುವಾಗ ಬ್ಯಾಂಕು ತನ್ನ ನಿಯಮಗಳನ್ನೂ ಕೊಡುತ್ತದಂತೆ, ಸರ್ಕಾರ ಒಪ್ಪಿ ಸಹಿ ಹಾಕುತ್ತದಂತೆ. ಕೆಲಸದಿಂದ ತೊಂದರೆಯಾಗುವವರನ್ನು ಮೊದಲೇ ಕೇಳಬೇಕು. ಅವರಿಗೆ ತಿಳಿಯುವ ಭಾಷೆಯಲ್ಲೇ ಕೇಳಬೇಕು. ಮನೆಯ ಪತ್ರ ಇಲ್ಲದವರನ್ನೂ ಕೇಳಬೇಕು. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಕಾರಣ ಹೇಳಬೇಕು. ಇದ್ಯಾವುದೂ ಮಾಡದಿದ್ದರೆ ಅಜ್ಜಿ ನೇರವಾಗಿ ಆ ಬ್ಯಾಂಕಿಗೇ ದೂರು ಕೊಡಬಹುದು, ಅಲ್ಲಿಂದ ತನಿಖೆಗೂ ಬರಬಹುದು. ಹಾಗಾದರೆ ನನಗೆ ಎಂದೆ. ನಿಮ್ಮ ಸಾಲಿನಲ್ಲಿ ಬ್ಯಾಂಕಿನ ದುಡ್ಡಿಲ್ಲ ಆಂಟಿ ಎಂದಳು.

ಅವತ್ತು ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚಿಗೆ ಇಡೀ ಗಂಗೆ ಸುರಿದಿದ್ದರೂ ಸಾಲುತ್ತಿರಲಿಲ್ಲ. ಈ ಸರ್ಕಾರಕ್ಕೆ ಓಟು ಹಾಕಿದವಳು ನಾನು, ಕಂದಾಯ ಕಟ್ಟುವವಳು ನಾನು. ಯಾವ ದೇಶದಲ್ಲಿ ಕೂತಿದ್ದಾರೋ ಗೊತ್ತಿಲ್ಲದ, ನಾನು ಆರಿಸದ ಯಾರೋ ಬರೆದ ನಿಯಮ ಅಜ್ಜಿಯ ಹೊಸ್ತಿಲಿಗೆ ಕಾವಲು ನಿಂತಿದೆ. ನಾನು ಆರಿಸಿದವರು ನನ್ನ ಹೊಸ್ತಿಲಿಗೆ ಬಣ್ಣ ಬಳಿದು ಹೋಗಿದ್ದಾರೆ. ಯಜಮಾನರಿಗೆ ಇದು ಬೇರೆ ಥರ ಕಂಡಿತು. ಹೊರಗಿನವರ ಮಾತಿಗೆ ನಮ್ಮ ಸರ್ಕಾರ ತಲೆ ಬಾಗುವುದು ಅವಮಾನ ಅಲ್ಲವೇನೇ ಎಂದರು. ಅಲ್ಲ ಎನ್ನಲು ನನಗೂ ಬರಲಿಲ್ಲ. ನಾಳೆ ಅದೇ ಬ್ಯಾಂಕು ತಪ್ಪು ಮಾಡಿದರೆ ಅದನ್ನು ಕೇಳುವವರು ಯಾರು, ಅದೂ ಗೊತ್ತಿರಲಿಲ್ಲ. ಆದರೆ ಅವಮಾನವಾದರೂ ಆಗಲಿ, ನಮ್ಮ ದಾರಿಯ ಕೆಲಸಕ್ಕೂ ಆ ಬ್ಯಾಂಕಿನ ದುಡ್ಡೇ ಬರಬಾರದಿತ್ತೇ ಎಂದೆ.

ಅಹವಾಲು ಕೇಳುವ ಸಭೆ ಹತ್ತಿರದ ಛತ್ರದಲ್ಲಿ ನಡೆಯಿತು. ಮೇಜಿನ ಹಿಂದೆ ಕೂತವರನ್ನು ನೋಡಿದೆ, ಅದೇ ಇಂಜಿನಿಯರ್! ಎರಡೂ ಕೆಲಸ ಅವರದೇ ಸುಪರ್ದಿಯಂತೆ. ನನ್ನ ಮುಂದೆ ತಲೆ ಎತ್ತದ ಆಸಾಮಿ ಅಜ್ಜಿ ಬಂದಾಗ ಎದ್ದು ನಿಂತು ಕುರ್ಚಿ ಸರಿಸಿ, ನೀರು ತರಿಸಿದರು. ನಾನು ಅಜ್ಜಿಯ ಪಕ್ಕ ನಿಂತೇ ಇದ್ದೆ.

ವರುಣಾದ ಆಚೆ ಒಳ್ಳೆಯ ಮನೆ ನೋಡಿದ್ದೇವೆ, ನಲ್ಲಿಯಿದೆ, ಫ್ಯಾನಿದೆ, ಮೂರೇ ತಿಂಗಳು ಎಂದರು. ಕನ್ನಡದಲ್ಲಿ ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ನಾ ವರುಣಾ ದಾಟಂಗಿಲ್ಲ. ಮೂರ ತಿಂಗಳ ಅಂತ ಇವರು ಹೇಳ್ತಾರ, ಯಮಗ ಯಾರು ಹೇಳೋರು? ಅಲ್ಲಿ ಜೀವ ಹೋತಂದ್ರ, ಇಷ್ಟ ವರ್ಸ ಇಲ್ಲಿ ಕುಂತಿದ್ದು ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಕ್ಕತಿ."

ಅದನ್ನು ಹಿಂದಿಗೆ ಇಳಿಸಿದೆ. ಯಾರೂ ನಗಲಿಲ್ಲ. ಇಂಜಿನಿಯರ್ ಹಣೆ ಉಜ್ಜಿಕೊಂಡರು, ಹುಡುಗಿ ಬರೆದುಕೊಂಡಳು. ಒಂದಿಷ್ಟು ಗುಸುಗುಸು ನಡೆದು, ಅಜ್ಜಿಗೆ ಕಾಶಿಯ ಗಡಿಯೊಳಗೇ ಜಾಗ ಕೊಡುವುದು, ಎಲ್ಲಿ ಬೇಕೆಂದು ಅವರೇ ಹೇಳಲಿ ಎಂದಾಯಿತು. ಒಬ್ಬ ಮುದುಕಿಯ ಸಾವಿನ ಗಡಿಯನ್ನು ಕೂಡ ಒಂದು ಬ್ಯಾಂಕಿನ ನಿಯಮ ಗೌರವಿಸಿತಲ್ಲ ಎಂದು ಬೇರೆಯವರಾದರೆ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಮೈಯೆಲ್ಲ ಉರಿಯಿತು. ನನ್ನ ಅರ್ಧ ಕೋಣೆಗೆ ಒಂದು ಮಾತು ಸಿಗಲಿಲ್ಲ.

ಎಲ್ಲಿ ಬೇಕು ಅಜ್ಜಿ ಎಂದು ಕೇಳಿದೆ, ನನ್ನ ದನಿ ಗಡುಸಾಗಿಯೇ ಇತ್ತು. ಅಜ್ಜಿ ನನ್ನ ಮುಖ ನೋಡಿದಳು.

"ಈಕಿ ಮನಿ ಮುಂದಿನ ಖೋಲಿ ಆದ್ರ ಬರ್ತೀನಿ. ಬ್ಯಾರೆ ಎಲ್ಲೂ ಒಲ್ಲೆ."

ಏನೆಂದರು, ಏನೆಂದರು ಎಂದು ಮೇಜಿನ ಹಿಂದಿನಿಂದ ಕೇಳುತ್ತಿದ್ದಾರೆ. ಇವರು ನಮ್ಮ ಮನೆಯ ಮುಂದಿನ ಕೋಣೆ ಕೇಳುತ್ತಿದ್ದಾರೆ ಎಂದೆ. ಇಂಜಿನಿಯರ್ ಮುಖ ಕಪ್ಪಿಟ್ಟಿತು. ಅದು ಒಡೆಯುವ ಕೋಣೆ ಎಂದರು. ಆಗ ಆ ಹುಡುಗಿ, ಅಜ್ಜಿ ಒಪ್ಪಿ ಹೋದ ಜಾಗವನ್ನು ಅವರು ಇರುವಾಗಲೇ ಒಡೆದರೆ ಬ್ಯಾಂಕಿಗೆ ನಾವೇ ಉತ್ತರ ಹೇಳಬೇಕಾಗುತ್ತದೆ ಸರ್ ಎಂದಳು. ಇಂಜಿನಿಯರ್ ಎರಡು ಗುಟುಕು ನೀರು ಕುಡಿದರು. ಅಜ್ಜಿ ಅಲ್ಲಿರುವ ತನಕ ಕೋಣೆ ಮುಟ್ಟುವುದಿಲ್ಲ ಎಂದು ತೀರ್ಮಾನವಾಯಿತು.

ದಾರಿಯಲ್ಲಿ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸುವಾಗ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನಿನ್ನ ಹೊಟ್ಟೆಕಿಚ್ಚು ನನಗೆ ಕಾಣುವುದಿಲ್ಲವೇನೇ ಹುಚ್ಚಿ ಎಂದಳು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ನನ್ನ ಕೋಣೆ ಉಳಿಸಲು ನನ್ನ ಮಾತು ಸಾಲದೆ ಇವಳ ಮಾತು ಬೇಕಾಯಿತಲ್ಲ ಎಂದು ಇನ್ನೊಂದು ಸುತ್ತು ಉರಿಯಿತು.

ಅಜ್ಜಿ ಒಂದು ಟ್ರಂಕು, ಒಂದು ಚೊಂಬು ಹಿಡಿದು ಬಂದಳು. ಕೋಣೆಯ ಒಂದು ಮೂಲೆಯಲ್ಲಿ ಅವಳ ಮಂಚ, ಇನ್ನೊಂದರಲ್ಲಿ ನನ್ನ ಒಲೆ. ಆಗಾಗ ಆಫೀಸಿನವರು ಬಂದು ಅಜ್ಜಿಗೆ ಗಾಳಿ ಬರುತ್ತದೆಯೇ, ಊಟ ಸೇರುತ್ತದೆಯೇ, ಹೊಗೆಯಿಂದ ತೊಂದರೆಯೇ ಎಂದು ವಿಚಾರಿಸುತ್ತಾರೆ. ಊಟ ನನ್ನದು, ಹೊಗೆ ನನ್ನದು. ಕೇಳುವುದು ಅವಳನ್ನು. ನಾನು ನಡುವೆ ನಿಂತು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಮಾತು ಸಾಗಿಸುತ್ತೇನೆ.

ಒಳಚರಂಡಿ ಮುಗಿಯಿತು. ಎದುರಿನ ಗೋಡೆಗೆ ಹೊಸ ಗಾರೆಯಾಯಿತು. ಇನ್ನು ವಾಪಸು ಹೋಗಬಹುದು ಎಂದು ಹೇಳಲು ಅವರು ಬಂದ ದಿನ ನಾನು ಹಿಟ್ಟಿನ ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿ ನಿಂತೆ. ಅಜ್ಜಿ, ಮೊದಲು ನಿನ್ನ ಖೋಲಿ ವಿಷಯ ಕೇಳು ಎಂದಳು. ಕೇಳಿದೆ, ನನ್ನ ವಿಷಯವನ್ನು ನಾನೇ, ಅವಳ ಪರವಾಗಿ. ಇವರು ನಮ್ಮ ಯೋಜನೆಯಲ್ಲಿ ಬರುವುದಿಲ್ಲ ಎಂದರು. ಅದನ್ನು ಕನ್ನಡ ಮಾಡಿ ಅಜ್ಜಿಗೆ ಹೇಳಿದವಳೂ ನಾನೇ. ಅಜ್ಜಿ, ಹಂಗಾದ್ರ ಆ ಹೊಸಾ ಗ್ವಾಡಿ ನನಗ ಥಂಡಿ ಆಗತೈತಿ, ನಾ ಹೋಗಂಗಿಲ್ಲ ಅನ್ನು ಎಂದಳು. ದೂರು ಅಂದಮೇಲೆ ಬರೆದುಕೊಳ್ಳಲೇಬೇಕು, ಬರೆದುಕೊಂಡರು. ಅದರ ವಿಚಾರಣೆ ಇನ್ನೂ ಮುಗಿದಿಲ್ಲ. ಮುಗಿಯುವ ತನಕ ಅಜ್ಜಿ ಇಲ್ಲಿ, ಅಜ್ಜಿ ಇರುವ ತನಕ ಕೋಣೆ ಇಲ್ಲಿ.

ಈ ಚಳಿಗೆ ಅವಳ ಕೆಮ್ಮು ಜೋರಾಗಿದೆ. ನಾನು ಶುಂಠಿ ಕಷಾಯ ಕಾಸುತ್ತೇನೆ, ಎದೆಗೆ ಎಣ್ಣೆ ಹಚ್ಚುತ್ತೇನೆ, ಬೆಳಗ್ಗೆ ಒಲೆ ಹಚ್ಚುವ ಮೊದಲು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ಆಮೇಲೆ ಇಬ್ಬರೂ ಕೇದಾರೇಶ್ವರನ ಗುಡಿಗೆ ಹೋಗುತ್ತೇವೆ. ಅವಳು ಬೇಗ ಕರಕೋ ತಂದೆ ಎಂದು ಬೇಡುತ್ತಾಳೆ. ಪಕ್ಕದಲ್ಲೇ ಕೈಮುಗಿದು ನಿಂತು, ಇವಳನ್ನು ಕರೆಯಬೇಡ ಎಂದು ನಾನು ಬೇಡುತ್ತೇನೆ. ಅವನೂ ಅವಳ ಮಾತನ್ನೇ ಮೊದಲು ಕೇಳಿಬಿಟ್ಟರೆ ಎಂದು ನನಗೆ ಭಯ.