ಬುಧವಾರ ಬಿಟ್ಟ ಸಾಲು

ಹಾರೋಹಳ್ಳಿಯ ಫ್ಯಾಕ್ಟರಿ ಸೇರಿದ ಮೂರನೇ ದಿನ, ಮಷಿನ್‌ಗಳು ಹೇಗಿವೆ ಎಂದು ದಿನಾ ಬರೆಯಬೇಕಾದ ನನ್ನ ಇಂಗ್ಲಿಷ್ ವರದಿ ಮೈತುಂಬ ಕೆಂಪು ಗೀರು ಹೊತ್ತು ಮೇಜಿಗೆ ವಾಪಸು ಬಂತು. ‘ರಿಟರ್ನ್ ಬ್ಯಾಕ್’ನ ಬ್ಯಾಕ್ ಹೋಗಿತ್ತು, ‘ರಿಪೀಟ್ ಅಗೇನ್’ನ ಅಗೇನ್ ಹೋಗಿತ್ತು. ‘ಮಷಿನ್’ ಒಂದೇ ಪ್ಯಾರಾದಲ್ಲಿ ಏಳು ಸಲ ಇತ್ತಂತೆ.

“ಒಂದ್ಸಲ ಹೇಳಿದ್ರೆ ಸಾಕಮ್ಮ, ಓದೋರು ದಡ್ಡರಲ್ಲ” ಎಂದರು ಮ್ಯಾನೇಜರ್.

ವಿಜಯಪುರದಲ್ಲಿ ಫಸ್ಟ್ ಕ್ಲಾಸಿನಲ್ಲಿ ಬಿ.ಎಸ್ಸಿ. ಪಾಸಾದವಳು ನಾನು. ಮುಖ ಉರಿಯಿತು. ಆದರೆ ಆರು ತಿಂಗಳು ವರದಿ ನೆಟ್ಟಗೆ ಬರೆದರೆ ಮಾತ್ರ ಕೆಲಸ ಕಾಯಂ.

ನಮ್ಮ ಕಡೆ ಒಂದು ಮಾತನ್ನು ಎರಡು ಸಲ ಹೇಳದಿದ್ದರೆ ಅದು ಹೇಳಿದ ಹಾಗೇ ಅಲ್ಲ, ನಿಮಗೆ ಗೊತ್ತು. ಇಲ್ಲಿನವರೂ ಹಾಗೆಯೇ. ನನಗೆ ಬಾಡಿಗೆಗೆ ಕೋಣೆ ಕೊಟ್ಟ ಚಿಕ್ಕತಾಯಕ್ಕ ನಮ್ಮದೇ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಎರಡನೇ ಪ್ರೆಸ್ ನಡೆಸುತ್ತಾಳೆ. ಜೋಳದ ರೊಟ್ಟಿ ಸಿಗದೆ ಕಂಗೆಟ್ಟ ನನಗೆ ಮುದ್ದೆ ಬಡಿಸಿ, “ಒಸಿ ಉಣ್ಣವ್ವ, ಇನ್ನೊಸಿ ಉಣ್ಣು” ಎನ್ನುತ್ತಾಳೆ. ಒಸಿ ಅಂದರೆ ನಮ್ಮ ತುಸು. ನಾನು ಮುದ್ದೆಯನ್ನು ಅಗಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಮುದ್ದೆ ನುಂಗುವುದನ್ನು ಕಲಿತೆ, ವರದಿಯನ್ನೂ ಕಲಿತೆ. ಎರಡು ವಾಕ್ಯ ಸೇರಿಸಿ ಒಂದು ಮಾಡಿದೆ, ಹೇಳಿದ್ದನ್ನೇ ಹೇಳುವ ಪದಗಳನ್ನು ಕಿತ್ತೆಸೆದೆ. ಐದನೇ ತಿಂಗಳಲ್ಲಿ ಒಂದು ಪುಟ ಒಂದೂ ಗೀರಿಲ್ಲದೆ ಬಂತು. ಅವತ್ತು ಕನಕಪುರದ ಬಸ್ ಹತ್ತಿ ಹೋಗಿ, ಒಬ್ಬಳೇ ಕೂತು ಮಸಾಲೆ ದೋಸೆ ತಿಂದು ಬಂದೆ.

ಆಮೇಲೆ ಎರಡನೇ ಪ್ರೆಸ್ಸಿನ ಗಾರ್ಡು, ಎಂದರೆ ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ, ಸಡಿಲವಾಯಿತು. ಸೋಮವಾರ ವರದಿಯಲ್ಲಿ ಬರೆದೆ. ಯಾರೂ ಬಂದು ನೋಡಲಿಲ್ಲ. ಮಂಗಳವಾರ ಮತ್ತೆ ಬರೆದೆ. ಆ ಸಾಲಿಗೆ ಕೆಂಪು ಗೀರು ಬಿತ್ತು, ಪಕ್ಕದಲ್ಲಿ ‘ನಿನ್ನೆಯದೇ’ ಎಂಬ ಷರಾ. ಕೆಲಸ ಕಾಯಂ ಆಗಲು ಇನ್ನು ಮೂರೇ ವಾರ. ಬುಧವಾರ ಆ ಸಾಲು ಬಿಟ್ಟೆ. ಗುರುವಾರ ಚಿಕ್ಕತಾಯಕ್ಕನ ಬೆರಳು ಜಜ್ಜಿಹೋಯಿತು.

ಬೆರಳು ಉಳಿಯಿತು, ಉಗುರು ಹೋಯಿತು. ಆ ಸಂಜೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಕೇಳಿದಳು: “ಗಾರ್ಡು ಅಲ್ಲಾಡ್ತೈತೆ ಅಂತ ದಿನಾ ಹೇಳ್ತಿದ್ನಲ್ಲವ್ವ, ನೀನು ಬರೀನಿಲ್ವಾ?”

“ಎರಡ ದಿನಾ ಬರದೀನ್ರಿ ಅಕ್ಕಾ. ನಿನ್ನಿ ಬಿಟ್ಟೆ.”

“ಯಾಕವ್ವ ಬುಟ್ಬುಟ್ಟೆ?”

ನಾನು ನಾಚಿಕೆಯಿಂದ ತಲೆ ತಗ್ಗಿಸಿ ತಟ್ಟೆ ತಂದಿಟ್ಟೆ. ಆಕೆ ಎಡಗೈಯಲ್ಲೇ ಮುದ್ದೆ ಬಡಿಸಿದಳು. “ಒಸಿ ಉಣ್ಣು” ಎಂದಳು. ಒಂದೇ ಸಲ.

ಶುಕ್ರವಾರದ ವರದಿಯಲ್ಲಿ ಗಾರ್ಡಿನ ಸಾಲನ್ನು ಮೂರು ಸಲ ಬರೆದೆ. ಗಾರ್ಡು ಸರಿಯಾಯಿತು. ಆರು ತಿಂಗಳು ಮುಗಿದರೂ ಕಾಯಂ ಪತ್ರ ಮಾತ್ರ ಇನ್ನೂ ಬಂದಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಊರಿನಿಂದ ಅವ್ವ ಫೋನ್ ಮಾಡಿ “ಯಾವಾಗ ಬರ್ತಿ, ಯಾವಾಗ ಬರ್ತಿ” ಎಂದರೆ, “ಎಷ್ಟ ಸಲ ಕೇಳ್ತಿ?” ಎಂದು ರೇಗುತ್ತೇನೆ. ಫೋನಿಟ್ಟು ತಟ್ಟೆಯ ಮುಂದೆ ಕೂತು, ಚಿಕ್ಕತಾಯಕ್ಕ “ಇನ್ನೊಸಿ ಉಣ್ಣು” ಅಂತ ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತೇನೆ.