ಹುಳು ಮನೆಗೆ ಬಂದ ಹೊಗೆ ಎಲ್ಲಿಯದು?

ಕಳೆದ ಮಂಗಳವಾರ ಬೆಳಿಗ್ಗೆ, ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ, ನನ್ನ ಅಕ್ಕನ ರೇಷ್ಮೆ ಹುಳುಗಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿದವು.

ನಾಲ್ಕನೇ ಜ್ವರ ಎದ್ದ ಹುಳು. (ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.) ಎದ್ದ ಮೇಲೆ ವಾರವಿಡೀ ಒಂದೇ ಸಮನೆ ತಿನ್ನಬೇಕು. ತಿಂದರೆ ಗೂಡು, ಇಲ್ಲದಿದ್ದರೆ ಇಡೀ ಬೆಳೆ ತಿಪ್ಪೆಗೆ. ಹೊಗೆ ಬಡಿದರೆ ತಲೆ ಎತ್ತಿಕೊಂಡು ಸುಮ್ಮನಾಗಿಬಿಡುತ್ತವೆ.

ಅಕ್ಕ ಫೋನ್ ಮಾಡಿದಳು. "ಲೋ, ಪಕ್ಕದ ತೋಟದ ಮುನಿವೆಂಕಟಪ್ಪ ಬದುಗೆ ಬೆಂಕಿ ಇಟ್ಟವ್ನೆ ಕಣೋ. ಮನೆಯೆಲ್ಲಾ ಹೊಗೆ ವಾಸ್ನೆ. ಪೇಪರ್‌ನೋನು ತಾನೇ ನೀನು? ಬರಿ, ಅವನ ಹೆಸರು ಹಾಕಿ ಬರಿ!"

ಅನುಮಾನಕ್ಕೆ ಕಾರಣವಿತ್ತು. ಹೋದ ವರ್ಷ ಅವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ತೇಲಿ ಅಕ್ಕನ ಹಿಪ್ಪುನೇರಳೆ ಮೇಲೆ ಬಿದ್ದು, ಹುಳು ಸತ್ತಿದ್ದವು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ನಾನು ಮಾಡಿದ್ದೇನು? ಇಷ್ಟು ವರ್ಷದ ಸುದ್ದಿಮನೆ ಅಭ್ಯಾಸ ಮರೆತು, ಏನನ್ನೂ ಪರಿಶೀಲಿಸದೆ ನೇರ ಅವರಿಗೇ ಫೋನ್ ಮಾಡಿ, ಹೆಸರು ಹಾಕಿ ಬರೆಯುತ್ತೇನೆಂದು ದಬಾಯಿಸಿದೆ.

"ಏನಪ್ಪಾ ರಿಪೋರ್ಟರು," ಎಂದರು ಅವರು. "ಭಾನುವಾರದಿಂದ ನಾನು ತಾಯಲೂರಲ್ಲಿ ಮಗಳ ಮನೇಲಿದೀನಿ. ಇಲ್ಲಿಂದ ಕಡ್ಡಿ ಗೀರಿ ಅಲ್ಲಿಗೆ ಎಸೆದ್ನಾ? ಇಲ್ಲೂ ಹೊಗೆನೇ ಕಣಪ್ಪಾ. ನಿನ್ನೆಯಿಂದ ಎಲ್ರಿಗೂ ಕೆಮ್ಮು."

ತಾಯಲೂರು ಇರುವುದು ಮುಳಬಾಗಿಲು ತಾಲ್ಲೂಕಿನಲ್ಲಿ. ಒಂದು ಬದುವಿನ ಕಸ ಎರಡು ತಾಲ್ಲೂಕನ್ನು ಕೆಮ್ಮಿಸುತ್ತದೆಯೇ?

ಆಗ ಮೊಬೈಲ್‌ನಲ್ಲಿ ಉಪಗ್ರಹ ಚಿತ್ರ ತೆರೆದೆ. (ಯಾರು ಬೇಕಾದರೂ ನೋಡಬಹುದು. ಮೊದಲು ಮಾಡಬೇಕಿದ್ದ ಕೆಲಸ.) ಆಂಧ್ರದ ಗಡಿಯಾಚೆಯ ಗುಡ್ಡಗಳ ಮೇಲೆ ಬೆಂಕಿ ಸೂಚಿಸುವ ಕೆಂಪು ಚುಕ್ಕಿಗಳು. ಅಲ್ಲಿಂದ ಹೊರಟ ಬೂದುನೀಲಿ ಪಟ್ಟೆ ಮುಳಬಾಗಿಲು ದಾಟಿ, ಕೋಲಾರದ ಮೇಲೆ ಹಾದು ಪಡುವಣಕ್ಕೆ ಚಾಚಿತ್ತು. ಮಾಲೂರಿನ ಬಳಿ ಕಂದು ಮಸುಕು ಬೇರೆಯೇ ಇತ್ತು. ಅದು ಧೂಳು; ಅದರ ಬುಡದಲ್ಲಿ ಕೆಂಪು ಚುಕ್ಕಿ ಇರಲಿಲ್ಲ.

ಚಿತ್ರ ಹಿಂದಿನ ಮಧ್ಯಾಹ್ನದ್ದು. ಹೊಗೆ ಆಕಾಶದಲ್ಲಿದೆಯೋ ನೆಲಕ್ಕಿಳಿದಿದೆಯೋ ಎಂದು ಅದು ಹೇಳುವುದಿಲ್ಲ. ಅದಕ್ಕೆ ನೆಲದ ಮೇಲೊಂದು ಮೂಗು ಬೇಕು. ನನಗೆ ಸಿಕ್ಕಿದ್ದು ನಾನೇ ದಬಾಯಿಸಿದವರ ಮೂಗು.

"ಹೊಗೆ ಬರ್ತಿರೋದು ಮೂಡಗಡೆಯಿಂದ," ಎಂದೆ ಅಕ್ಕನಿಗೆ. "ಆ ಕಡೆ ಕಿಟಕಿಗೆ ಒದ್ದೆ ಗೋಣಿ ಕಟ್ಟು. ಪಡುವಗಡೆ ತೆಗೆದಿಡು."

"ಅಂದ್ರೆ ಅವನಲ್ವಾ?"

"ಅವರಲ್ಲ."

"ಮನೇಲಿರೋದು ಎರಡೇ ಗೋಣಿ ಕಣೋ," ಎಂದಳು.

ಹೊಗೆ ಎಲ್ಲಿಂದ ಬರುತ್ತಿದೆ, ಅಕ್ಕನ ಬಳಿ ಗೋಣಿ ಎಷ್ಟಿದೆ ಎಂದು ಮುನಿವೆಂಕಟಪ್ಪನವರಿಗೂ ಫೋನ್ ಮಾಡಿ ಹೇಳಿದೆ.

ಮಧ್ಯಾಹ್ನ ನಾನು ಸುಗಟೂರು ತಲುಪಿದಾಗ ಮುನಿವೆಂಕಟಪ್ಪ ಬಸ್ಸಿಳಿದು, ತಮ್ಮ ಮನೆಯ ಗೋಣಿಗಳನ್ನೆಲ್ಲ ಹೊತ್ತು ಅಕ್ಕನ ಹುಳು ಮನೆಯ ಹೊರಗೆ ನಿಂತಿದ್ದರು. ಸೋಂಕು ತಾಗೀತೆಂದು ಹೊರಗಿನವರು ಹುಳು ಮನೆಯ ಹೊಸಿಲು ದಾಟುವಂತಿಲ್ಲ. ಅದು ರೇಷ್ಮೆ ಸಾಕುವ ಎಲ್ಲರ ಮನೆಯ ಕಟ್ಟು.

"ಜಗಳ ನಮ್ದು. ಹುಳು ಏನಮ್ಮಾ ಮಾಡಿದ್ವು?" ಎಂದರು.

ಅಕ್ಕ ಚೊಂಬಿನಲ್ಲಿ ನೀರು ತಂದಿಟ್ಟಳು. "ಕಾಲು ತೊಳ್ಕೊಂಡು ಒಳಕ್ಕೆ ಬಾರಣ್ಣಾ."

ಕಿಟಕಿಗೆ ಗೋಣಿ ಬಿಗಿಯುತ್ತಾ ಅವರು ನನ್ನತ್ತ ತಿರುಗಿದರು. "ಏನಪ್ಪಾ, ನನ್ನ ಹೆಸರು ಹಾಕಿ ಬರೀತೀಯಂತೆ?"

ಬರೆದಿದ್ದೇನೆ. ತಪ್ಪೊಪ್ಪಿಗೆಗೂ ಕೃತಜ್ಞತೆಗೂ ನನಗೆ ಇರುವುದು ಇದೊಂದೇ ಜಾಗ. ದಿನವೂ ನಮ್ಮ ತಲೆಯ ಮೇಲೆ ಹಾದುಹೋಗುವ ಆ ಕಣ್ಣಿಗೂ, ಅದು ಕಂಡದ್ದನ್ನು ಬಚ್ಚಿಡದೆ ಎಲ್ಲರಿಗೂ ತೋರಿಸುವ, ನಾನೆಂದೂ ಕಾಣದ ಜನರಿಗೂ ನಾನು ಋಣಿ. ಒಂದು ಸುಳ್ಳು ಆರೋಪ ಅಚ್ಚಾಗುವುದು ತಪ್ಪಿತು.

ಬುಧವಾರ ಬೆಳಿಗ್ಗೆ ಅಕ್ಕ ಫೋನನ್ನು ಹುಳುಗಳ ಹತ್ತಿರ ಹಿಡಿದಳು. "ಕೇಳಿಸ್ಕೋ." ತೆಳುವಾಗಿ ಮಳೆ ಹನಿದಂತೆ ಸದ್ದು. ಹುಳು ಸೊಪ್ಪು ತಿನ್ನುತ್ತಿದ್ದವು.

ಈ ಬರಹ ಕಳಿಸುವ ಹೊತ್ತಿಗೆ ಚಿತ್ರದಲ್ಲಿ ಕೆಂಪು ಚುಕ್ಕಿಗಳಿಲ್ಲ. ಹುಳು ಮೇವು ಮುಗಿಸಿ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಏರಿವೆ. ಅಕ್ಕನ ಜಗುಲಿಯಲ್ಲಿ ಜಾಗ ಸಾಲದೆ ಮೂರು ಚಂದ್ರಿಕೆಗಳು ಮುನಿವೆಂಕಟಪ್ಪನವರ ಜಗುಲಿಯಲ್ಲಿವೆ.